ಹಗಲಿನಲ್ಲಿ ಬೆಂಕಿಯುಂಡೆ ಕಂಡರೆ ಮೊದಲು ಕಿಟಕಿ ಬಿಡಿ

2013ರ ಫೆಬ್ರುವರಿ 15ರ ಬೆಳಿಗ್ಗೆ ಒಂಬತ್ತು ಗಂಟೆ ಕಳೆದ ಮೇಲೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸೂರ್ಯನನ್ನೂ ಮಂಕಾಗಿಸುವ ಬೆಂಕಿಯುಂಡೆ, ಅಂದರೆ ತುಂಬ ಪ್ರಖರವಾದ ಉಲ್ಕೆಯೊಂದು ಹಾದುಹೋಯಿತು. ಸದ್ದೇ ಇಲ್ಲ. ಏನಾಯಿತೆಂದು ನೋಡಲು ಜನ ಕಿಟಕಿಗಳ ಬಳಿ ಬಂದು ನಿಂತರು. ಸುಮಾರು ಎರಡು ನಿಮಿಷದ ನಂತರ ಬಂದ ಆಘಾತ ತರಂಗ ಆ ಗಾಜನ್ನೆಲ್ಲ ಪುಡಿ ಮಾಡಿ ಅವರ ಮೇಲೇ ಎರಚಿತು. ಗಾಯಗೊಂಡವರು ಸುಮಾರು 1,500 ಮಂದಿ, ಬಹುಪಾಲು ಗಾಜಿನಿಂದಲೇ.

ಆದ್ದರಿಂದ ಕಣ್ಣು ಕೋರೈಸುವ ಉಲ್ಕೆ ಕಂಡಾಗ ನೀವು ಒಳಗಿದ್ದರೆ ಗಾಜಿನಿಂದ ದೂರ ಸರಿಯಿರಿ. ಹೊರಗಿದ್ದರೆ ಮೊಬೈಲ್‌ಗಾಗಿ ಜೇಬು ತಡಕಬೇಡಿ, ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಅದು ಎಲ್ಲಿ ಕಾಣಿಸಿತು, ಎಲ್ಲಿ ಆರಿತು ಎಂಬುದನ್ನು ತೆಂಗಿನ ಮರದ ತುದಿಗೋ ನೀರಿನ ಟ್ಯಾಂಕಿನ ಮೂಲೆಗೋ ಹೊಂದಿಸಿಕೊಳ್ಳಿ. ನಿಂತ ಜಾಗದಲ್ಲೇ ಗುರುತಿಗೆ ಚಪ್ಪಲಿ ಬಿಟ್ಟು ಬನ್ನಿ. ಆಮೇಲೆ ಅಲ್ಲೇ ನಿಂತು ಅದು ಎಷ್ಟು ಎತ್ತರದಲ್ಲಿ ಕಂಡಿತೆಂದು ಡಿಗ್ರಿಯಲ್ಲಿ ಅಳೆಯಬೇಕು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ.

ಆರಿದ ಕೂಡಲೇ ಸೆಕೆಂಡು ಎಣಿಸಲು ಶುರುಮಾಡಿ. ಗುಡುಗು ಕೇಳಿಸಿದರೆ ಎಣಿಕೆಯನ್ನು ಮೂರರಿಂದ ಭಾಗಿಸಿ, ಹತ್ತಿರ ಹತ್ತಿರ ಅಷ್ಟು ಕಿಲೋಮೀಟರ್ ದೂರ. ಹೊಗೆಯ ಗೆರೆ ಕೆಲವೊಮ್ಮೆ ಬಹಳ ಹೊತ್ತು ಉಳಿಯುತ್ತದೆ, ಮೊಬೈಲ್ ತೆಗೆಯುವುದು ಈಗ. ಚಿತ್ರದಲ್ಲಿ ಮರವೋ ಮನೆಯೋ ಸೇರಿರಲಿ.

‘ಇಲ್ಲೇ ಗುಡ್ಡದ ಹಿಂದೆ ಬಿತ್ತು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ನಂಬಬೇಡಿ. 1972ರ ಆಗಸ್ಟ್ 10ರಂದು ಅಮೆರಿಕದ ಯೂಟಾದಿಂದ ಕೆನಡಾದ ಆಲ್ಬರ್ಟಾವರೆಗೆ ಹಾಡಹಗಲೇ ಸಾಗಿದ ಬೆಂಕಿಯುಂಡೆ ಬೀಳಲೇ ಇಲ್ಲ. ನೆಲದಿಂದ ಸುಮಾರು 57 ಕಿ.ಮೀ. ಎತ್ತರದಲ್ಲಿ ವಾತಾವರಣವನ್ನು ಸವರಿಕೊಂಡು ಮತ್ತೆ ಬಾಹ್ಯಾಕಾಶಕ್ಕೆ ಹೊರಟುಹೋಯಿತು.

ನೆರೆಯವರೊಡನೆ ಚರ್ಚಿಸುವ ಮೊದಲೇ ಕಂಡದ್ದನ್ನು ಬರೆದಿಡಿ. ಮಾತು ಸೇರಿದರೆ ನೆನಪು ಕಲಬೆರಕೆಯಾಗುತ್ತದೆ. ಆ ವಿವರವನ್ನು ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ಜಾಲತಾಣದ ಅರ್ಜಿಯಲ್ಲಿ ತುಂಬಿ ಕಳಿಸಬಹುದು. ಬೇರೆ ಬೇರೆ ಊರಿನ ವರದಿಗಳು ಸೇರಿದರೆ ಉಲ್ಕೆಯ ದಾರಿ ಸಿಗುತ್ತದೆ.

ತೆಳುವಾದ ಕಪ್ಪು ಸಿಪ್ಪೆಯಿರುವ ಕಲ್ಲು ಸಿಕ್ಕಿದರೆ ಅದು ಉಲ್ಕೆಯ ತುಂಡಾಗಿರಬಹುದು, ತೊಳೆಯಬೇಡಿ. ಬಿದ್ದಲ್ಲೇ ಒಂದು ಫೋಟೊ ತೆಗೆದು, ಬರಿಗೈಯಲ್ಲಿ ಮುಟ್ಟದೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ಅಯಸ್ಕಾಂತ ತಾಗಿಸಿ ನೋಡುವ ಆಸೆಯನ್ನಂತೂ ತಡೆದುಕೊಳ್ಳಿ. ಕೋಟ್ಯಂತರ ವರ್ಷ ಕಲ್ಲಿನೊಳಗೆ ಉಳಿದಿದ್ದ ಕಾಂತೀಯ ಗುರುತು ಆ ಒಂದು ಸ್ಪರ್ಶಕ್ಕೆ ಅಳಿಸಿಹೋಗಬಹುದು.