ಖಣದ ಚೂರಿನ ಕೌದಿ, ಉಳಿದಿದ್ದರ ಕಾರ್ಡು: ನನ್ನ ಅನುಭವ

ಬರೀ ಖಣದ (ರವಿಕೆಗೆಂದು ನೇಯುವ ಬಟ್ಟೆಯ) ಚೂರುಗಳನ್ನೇ ಮುಖಕ್ಕೆ ಹಾಕಿ ಹೊಲಿದ ಕೌದಿ (ಹಳೆ ಬಟ್ಟೆಯ ಪದರು ಕೂಡಿಸಿ ಹೊಲಿದ ಹೊದಿಕೆ) ಎರಡು ಮಳೆಗಾಲ ದಾಟಿದೆ. ದಿನವೂ ಹೊದ್ದು, ಒಗೆದು, ಹಿಂಡಿ, ಹಗ್ಗದ ಮೇಲೆ ಒಣಗಿಸಿದ ಮೇಲೂ ಒಂದು ಎಳೆ ಹೊರಗೆ ಬಂದಿಲ್ಲ. ಧಾರವಾಡದ ಕಡೆ ಕೌದಿ ಹೊಲಿಯುವ ಹಿರಿಯರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. "ಖಣ ಕೌದಿಗೆ ನಿಲ್ಲೂದಿಲ್ಲ ಬಿಡವಾ, ಎರಡ ಸಲ ಒಗದ್ರ ಎಳಿ ಬಿಚ್ಚಿ ಜಾಳಾಗ್ತದ" ಎನ್ನುತ್ತಿದ್ದರು. ಈಗ ಅವರೇ ಬಂದು ಹಿಂಬದಿ ತಿರುವಿ ನೋಡಿ ಹೋಗುತ್ತಾರೆ. ಹೀಗಾಗಿ ಮಾಡಿದ ರೀತಿಯನ್ನು ಬರೆದಿಡುತ್ತಿದ್ದೇನೆ, ಉಳಿದ ಚೂರಿನಿಂದ ಮಾಡುವ ಶುಭಾಶಯದ ಕಾರ್ಡಿನದನ್ನೂ. ಸೂಜಿ ಹಿಡಿದು ಗೊತ್ತಿದ್ದವರಿಗಾಗಿ ಬರೆದದ್ದು ಇದು, ಟಾಕಿ (ಹೊಲಿಗೆ) ಹಾಕುವುದು ಹೇಗೆಂದು ಇದರಲ್ಲಿ ಇಲ್ಲ.

ಹಿರಿಯರ ಮಾತು ಸುಳ್ಳಲ್ಲ. ಮೆತ್ತಗಿನ ಹಳೆ ಹತ್ತಿ ಸೀರೆಯ ತುಂಡಾದರೆ ಕಾಲು ಇಂಚು ಅಂಚು ಮಡಚಿದರೂ ಮಡಿಕೆ ಕೂತಲ್ಲೇ ಕೂಡುತ್ತದೆ. ಖಣ ಹಾಗಲ್ಲ. ಹೂವಿನ ವಿನ್ಯಾಸಕ್ಕೆ ಹಾಸಿನಲ್ಲಿ (ನೇಯ್ಗೆಯ ಉದ್ದದ ಎಳೆಗಳಲ್ಲಿ) ಹೆಚ್ಚಿನ ಎಳೆ ಹಾಕಿರುತ್ತಾರೆ, ಆ ಎಳೆ ಹಿಂಬದಿಯಲ್ಲಿ ಉದ್ದಕ್ಕೆ ಬಿಟ್ಟುಕೊಂಡಿರುತ್ತದೆ. ಕತ್ತರಿ ಆಡಿಸಿದ ಕೂಡಲೇ ಅದಕ್ಕೆ ಹಿಡಿತ ತಪ್ಪುತ್ತದೆ. ಕಾಲು ಇಂಚು ಮಡಿಕೆಯಲ್ಲಿ ಟಾಕಿ ಹಿಡಿಯುವುದು ಕೆಲವೇ ಎಳೆಯನ್ನು. ಮೊದಲ ಒಗೆತಕ್ಕೆ ಅವು ಜಾರುತ್ತವೆ, ಎರಡನೆಯದಕ್ಕೆ ತೂತು. ಅಂಚಿಗೆ ಮೇಣದಬತ್ತಿ ಹಿಡಿದು ಸುಡುವ ಉಪಾಯವನ್ನು ಹಲವರು ಹೇಳುತ್ತಾರೆ. ಪಾಲಿಯೆಸ್ಟರ್ ಖಣಕ್ಕೆ ಅದು ಆದೀತು, ಆದರೆ ಸುಟ್ಟ ಅಂಚು ಗಟ್ಟಿಯಾಗಿ ಮೈಗೆ ಚುಚ್ಚುತ್ತದೆ. ಹೊದೆಯುವ ವಸ್ತುವಿಗೆ ಅದು ಸಲ್ಲದು.

ಇದಕ್ಕೆ ನಾನು ಕಂಡುಕೊಂಡ ದಾರಿ ಇಷ್ಟು. ಖಣಕ್ಕೆ ಹತ್ತಿಯ ತಳ ಕೊಡಬೇಕು, ಅಂಚು ಅರ್ಧ ಇಂಚು ಬಿಡಬೇಕು, ಟಾಕಿಯ ಸಾಲು ಒತ್ತೊತ್ತಾಗಿ ಬರಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಿರಿಯರ ಮಾತೇ ನಿಜವಾಗುತ್ತದೆ.

ಚೂರು ಸಿಗುವುದು ಜಂಪರ್ (ರವಿಕೆ) ಹೊಲಿಯುವ ಟೇಲರ್‌ಗಳ ಹತ್ತಿರ. ಮೊದಲು ಪುಕ್ಕಟೆ ಕೊಡುತ್ತಿದ್ದರು, ಕೇಳುವವರು ಹೆಚ್ಚಾದ ಮೇಲೆ ಕಿಲೋಗೆ 50 ರೂಪಾಯಿಯ ಆಸುಪಾಸು. ಎರಡು ಕಿಲೋ ಚೀಲ ಬಿಚ್ಚಿದರೆ ಖಣವೆಂದು ಕೈಗೆ ಬರುವುದು ಅರ್ಧ ಕಿಲೋ, ಉಳಿದದ್ದು ಅಸ್ತರ, ಕ್ಯಾನ್‌ವಾಸ್, ಸಿಂಥೆಟಿಕ್. ಹುಬ್ಬಳ್ಳಿಯಲ್ಲಿ ಯಾವ ಓಣಿಯ ಚೀಲದಲ್ಲಿ ಖಣ ಹೆಚ್ಚು ಬರುತ್ತದೆ ಎನ್ನುವುದು ಮಾತ್ರ ನನ್ನಲ್ಲೇ ಇರಲಿ. ಎರಡು ಇಂಚಿಗಿಂತ ಅಗಲ ಇದ್ದದ್ದು ಕೌದಿಗೆ, ಕಮ್ಮಿ ಇದ್ದದ್ದು ಕಾರ್ಡಿಗೆ. ಎರಡೂ ಬದಿ ಅರ್ಧರ್ಧ ಇಂಚು ಒಳಗೆ ಹೋದ ಮೇಲೆ ಮುಖಕ್ಕೆ ಒಂದು ಇಂಚಾದರೂ ಉಳಿಯಬೇಕಲ್ಲ.

ಗುಳೇದಗುಡ್ಡದ ಖಣ ಎಂದು ಮಾರುವುದೆಲ್ಲ ರೇಷ್ಮೆ ಎಂದುಕೊಳ್ಳಬೇಡಿ. ಎರಡೂ ದಿಕ್ಕಿನಿಂದ ಒಂದೊಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟಂತೆ ಬಂದರೆ ಹತ್ತಿ ಅಥವಾ ಆರ್ಟ್ ಸಿಲ್ಕ್ (ರೇಯಾನ್). ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಇಸ್ತ್ರಿಯ ಬಿಸಿ ಇದರ ಮೇಲೇ ನಿಂತಿದೆ. ಹತ್ತಿಯ ಬಿಸಿಯಲ್ಲಿ ಪಾಲಿಯೆಸ್ಟರ್ ಖಣ ಮುದುಡಿ ಅಂಗೈಯಷ್ಟಾಗುತ್ತದೆ. ನಾನು ಎಲ್ಲವನ್ನೂ ಸಿಲ್ಕ್ ಗುರುತಿನಲ್ಲಿಟ್ಟು, ನಡುವೆ ಹಳೆ ಧೋತರದ ತುಂಡು ಹಾಸಿಯೇ ಇಸ್ತ್ರಿ ಮಾಡುತ್ತೇನೆ.

ಬಣ್ಣದ ಪರೀಕ್ಷೆ ಬಿಡುವಂತೆಯೇ ಇಲ್ಲ. ಚೂರನ್ನು ತೋಯಿಸಿ ಬಿಳಿ ಅರಿವಿಯ ಮೇಲಿಟ್ಟು ಇಸ್ತ್ರಿ ಒತ್ತಿದರೆ ಗೊತ್ತಾಗುತ್ತದೆ. ಕುಂಕುಮಗೆಂಪು, ಕಡುನೇರಳೆ ಇವೆರಡೇ ಹೆಚ್ಚು ಕಾಡುವುದು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ಮಾಡಿ ನೋಡಿದ್ದೇನೆ, ವಿನೆಗರ್ ಕೂಡ ಹಾಕಿದ್ದೇನೆ. ಬಿಡುವ ಬಣ್ಣ ಬಿಡುತ್ತಲೇ ಇರುತ್ತದೆ. ಮೂರು ನೀರಿಗೆ ನಿಂತರೆ ಕೌದಿಗೆ, ನಿಲ್ಲದಿದ್ದರೆ ಕಾರ್ಡಿನ ಡಬ್ಬಿಗೆ. ಇಳಕಲ್ ಸೀರೆಯ ಕೆಂಪು ಸೆರಗಿಗೂ ಇದೇ ನ್ಯಾಯ. ಸೆರಗಿನ ಟೋಪ್ ತೆನೆ ವಿನ್ಯಾಸ ಎಷ್ಟೇ ಚಂದ ಇರಲಿ, ಬಣ್ಣ ಬಿಟ್ಟರೆ ಸುತ್ತಲಿನ ಹಳದಿ ಖಣ ಕೆಡಿಸುತ್ತದೆ.

ನಂತರ ಗಂಜಿ. ಅನ್ನದ ತಿಳಿ ಗಂಜಿಯಲ್ಲಿ ಅದ್ದಿ, ಅರೆ ಒಣಗಿದಾಗ ಇಸ್ತ್ರಿ ಹಾಕಿದರೆ ಖಣ ಕಾಗದದಂತೆ ಬಿಗಿಯುತ್ತದೆ, ಕತ್ತರಿಸುವಾಗ ಎಳೆ ಉದುರುವುದಿಲ್ಲ. ಗಂಜಿಯ ಜೊತೆ ಮತ್ತೊಂದನ್ನು ಹಾಕುತ್ತೇನೆ, ಅದನ್ನಿಲ್ಲಿ ಬರೆಯುವುದಿಲ್ಲ. ಬರೀ ಗಂಜಿಯಿಂದಲೂ ಕೆಲಸ ನಡೆಯುತ್ತದೆ. ಆದರೆ ಗಂಜಿ ಹಾಕಿದ ಚೂರನ್ನು ತಿಂಗಳುಗಟ್ಟಲೆ ಇಟ್ಟರೆ ಜಿರಳೆ ಬಂದು ಕಡಿಯುತ್ತದೆ. ಹೊಲಿದು ಮುಗಿದ ವಾರದಲ್ಲೇ ಒಮ್ಮೆ ಒಗೆದು ಗಂಜಿ ಕಳೆಯಬೇಕು.

ತಳಕ್ಕೆ ಹಳೆ ಧೋತರವೇ ಸೈ. ತೆಳು, ಕುಗ್ಗುವಷ್ಟು ಕುಗ್ಗಿ ಮುಗಿದದ್ದು, ಸೂಜಿ ಸಲೀಸಾಗಿ ಹೋಗುತ್ತದೆ. 7 ಇಂಚಿನ ಚೌಕ ಕತ್ತರಿಸಿ. 77 ಚೌಕಕ್ಕೆ ಒಂದು ಧೋತರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಖರ್ಚು. ಚೌಕದ ನಡುವೆ ಮೊದಲ ಖಣದ ಪಟ್ಟಿಯನ್ನು ಮುಖ ಮೇಲಾಗಿ ಇಡಿ. ಎರಡನೆಯದನ್ನು ಅದರ ಮೇಲೆ ಮುಖಕ್ಕೆ ಮುಖ ಕೂಡಿಸಿ ಇಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ಮಷಿನ್ ಹೊಲಿಗೆ ಹಾಕಿ. ಅದಕ್ಕೂ ಅಂಚಿಗೂ ನಡುವೆ ಮತ್ತೊಂದು ಹೊಲಿಗೆ. ಆಮೇಲೆ ಎರಡನೆಯ ಪಟ್ಟಿ ಮಗುಚಿ ಇಸ್ತ್ರಿ ಮಾಡಿ. ಹೀಗೇ ಎರಡೂ ಕಡೆ ಚೌಕ ತುಂಬುವತನಕ. ಜಿಗ್‌ಜ್ಯಾಗ್ ಇಲ್ಲದ ಕಾಲು ಮಷಿನ್ ಸಾಕು. ಟಾಕಿ ತೀರ ಸಣ್ಣದಿಡಬೇಡಿ, ಇಂಚಿಗೆ ಹತ್ತರ ಹತ್ತಿರ ಇರಲಿ. ಅದಕ್ಕಿಂತ ಸಣ್ಣದಾದರೆ ಸೂಜಿಯೇ ಖಣವನ್ನು ಸಾಲಾಗಿ ಚುಚ್ಚಿ ಕತ್ತರಿಸಿದಂತೆ ಮಾಡುತ್ತದೆ. ಸೂಜಿಯೂ ಹೊಸದಿರಬೇಕು, ಮೊಂಡಾದದ್ದು ಎಳೆ ಎಳೆಯುತ್ತದೆ.

ಇಲ್ಲಿಂದ ಮುಂದೆ ಬಹಳ ಜನ ದಾರಿ ತಪ್ಪುತ್ತಾರೆ. ಚೌಕಗಳು ಸಿದ್ಧವಾದವೆಂದು ಎಲ್ಲವನ್ನೂ ಮಷಿನ್ನಲ್ಲಿ ಜೋಡಿಸಿ ಒಂದೇ ಹಾಳೆ ಮಾಡಿ, ಅದನ್ನು ಪದರುಗಳ ಮೇಲೆ ಹಾಸಿ ಸುತ್ತ ಹೊಲಿಯುತ್ತ ಬಂದರೆ ಸಡಿಲೆಲ್ಲ ನಡುವಿಗೆ ಬಂದು ನಿಲ್ಲುತ್ತದೆ. ಕೌದಿಯ ನಟ್ಟನಡುವೆ ಉಬ್ಬು. ಅದನ್ನು ಇಸ್ತ್ರಿಯಿಂದ ಕೂರಿಸಲು ಬರುವುದಿಲ್ಲ, ಬಿಚ್ಚುವುದೊಂದೇ ದಾರಿ. ಹಳೆ ಕೌದಿಯಲ್ಲಿ ಈ ತೊಂದರೆ ಏಕೆ ಇಲ್ಲ ಎಂದರೆ ಅಲ್ಲಿ ತುಂಡನ್ನು ಮೊದಲೇ ಜೋಡಿಸುವುದೇ ಇಲ್ಲ. ಮೂಲೆಯಿಂದ ಶುರು ಮಾಡಿ ಒಂದು ತುಂಡು ಇಡುವುದು, ಹೊಲಿಯುವುದು, ಮತ್ತೊಂದು ಇಡುವುದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯೂ ಹೀಗೇ ಅಂಚಿನಿಂದ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಅವರು ನಾಲ್ಕೂ ಮೂಲೆಗೆ ಮಡಚಿದ ಅರಿವಿಯ ಹೂವು ಕೂಡಿಸುತ್ತಾರೆ, ಅದರ ಚಂದವೇ ಬೇರೆ. ನಾನು ಮಾಡಿದ್ದು ಇಷ್ಟೇ: ಮಷಿನ್ ಚೌಕವನ್ನೂ ಬಿಡಿ ತುಂಡಿನಂತೆಯೇ ಬಳಸಿದೆ. ಹಿಂದಿನ ಚೌಕದ ಕಚ್ಚಾ ಅಂಚಿನ ಮೇಲೆ ಹೊಸ ಚೌಕವನ್ನು ಅರ್ಧ ಇಂಚು ಮಡಚಿ, ಅರ್ಧ ಇಂಚು ಹತ್ತಿಸಿ ಇಟ್ಟರೆ 7 ಇಂಚಿನದು 6 ಇಂಚಾಗಿ ಕೂಡುತ್ತದೆ. ಅಗಲಕ್ಕೆ 7, ಉದ್ದಕ್ಕೆ 11 ಚೌಕ. ಕೊನೆಯಲ್ಲಿ ನಡುವೆ ಉಳಿಯುವ ಸಂದು ಎಂದೂ ಸರಿಯಾಗಿ 6 ಇಂಚು ಇರುವುದಿಲ್ಲ, ಆ ಜಾಗಕ್ಕೆಂದು ಎರಡು ಚೌಕವನ್ನು 8 ಇಂಚಿನದಾಗಿ ಮಾಡಿಟ್ಟುಕೊಳ್ಳಿ.

ಒಳಪದರಿಗೆ ಒಂದು ಹಳೆ ಆರುವಾರಿ ಹತ್ತಿ ಸೀರೆ ಸಾಕು. ಅದನ್ನು 72 ಇಂಚಿನಂತೆ ಮೂರು ತುಂಡು ಮಾಡಿದರೆ ಹಿಂಬದಿ ಒಂದು, ಒಳಗೆ ಎರಡು. ಸುತ್ತ ಅಂಚು ಒಳಗೆ ಮಡಚಿ ಅದರ ಮೇಲೆ ಇಳಕಲ್ ಸೀರೆಯ ದಡಿ (ಅಂಚಿನ ಪಟ್ಟಿ) ಒಂದೂವರೆ ಇಂಚು ಕಾಣುವಂತೆ ಹಾಕುತ್ತೇನೆ. ಮೂಲೆಯಲ್ಲಿ ದಡಿಯನ್ನು ಕತ್ತರಿಸಬೇಡಿ, ಮಡಚಿ ತಿರುಗಿಸಿ. ಕತ್ತರಿಸಿದ ಮೂಲೆಯೇ ಮೊದಲು ಹರಿಯುವುದು. ಪದರುಗಳಲ್ಲಿ ಒಂದೂ ಸಿಂಥೆಟಿಕ್ ಇರಬಾರದು. ಹತ್ತಿ ಕುಗ್ಗಿ ಸಿಂಥೆಟಿಕ್ ಕುಗ್ಗದೆ ಉಳಿದರೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ.

ಟಾಕಿಯ ಸಾಲಿನ ನಡುವೆ ಹಳಬರು ಒಂದು ಬೆರಳು ಬಿಡುತ್ತಾರೆ. ಖಣಕ್ಕೆ ಅರ್ಧ ಬೆರಳು. ಆಗ ಪ್ರತಿ ಜೋಡಣೆಯ ಒಳಅಂಚನ್ನೂ ಎರಡು ಮಷಿನ್ ಹೊಲಿಗೆ, ಮೇಲೊಂದು ಕೈ ಟಾಕಿ ಹಿಡಿದಿರುತ್ತದೆ, ಎಳೆಗೆ ಜಾರಲು ಜಾಗವಿಲ್ಲ. ದಾರದ ಲೆಕ್ಕ ಇದರಿಂದ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಬೆರಳಂತರಕ್ಕೆ 150-160 ಮೀಟರ್ ಸಾಕಾಗುತ್ತಿದ್ದದ್ದು 280 ಮೀಟರಿಗೆ ಹೋಗುತ್ತದೆ. ದಪ್ಪ ಹತ್ತಿ ದಾರ, ಒಂದೂವರೆ ಮೊಳಕ್ಕಿಂತ ಉದ್ದ ಬೇಡ. ಜೇನುಮೇಣ ಸವರಿದರೆ ಗಂಟು ಬೀಳುವುದಿಲ್ಲ. ಮೇಣದಬತ್ತಿ ಸವರಿದರೆ ಮುಂದೆ ಇಸ್ತ್ರಿಗೆ ಕಲೆಯಾಗುತ್ತದೆ.

ಬೇರೆ ಪ್ರಯೋಗಗಳೂ ನಡೆದಿವೆ. ಒಳಗೆ ಹಳೆ ಉಣ್ಣೆ ಶಾಲು ಹಾಕಿದ್ದು ಬೆಚ್ಚಗೆ ಬಂತು, ಆದರೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯಿತು. ಹಿಂಬದಿಗೆ ಜೀನ್ಸ್ ಹಾಕಿದರೆ ಕೈ ಸೂಜಿ ಮುರಿಯುತ್ತದೆ, ತೋಯಿಸಿದ ಮೇಲೆ ಒಬ್ಬರಿಗೆ ಎತ್ತಲಾಗುವುದಿಲ್ಲ. ಇಡೀ ಕೌದಿಯನ್ನು ಮಷಿನ್ನಲ್ಲೇ ಹೊಲಿದರೆ ಸೂಜಿಯ ಕೆಳಗಿನ ಹಲ್ಲು ಕೆಳಪದರನ್ನು ಮುಂದೆ ತಳ್ಳಿ, ಮೇಲಿನದು ಹಿಂದೆ ಬಿದ್ದು ಸುಕ್ಕಾಗುತ್ತದೆ. ಪಾದದ ಒತ್ತಡ ಸಡಿಲಿಸಿ, ಟಾಕಿ ಉದ್ದ ಮಾಡಿದರೆ ಸುಕ್ಕು ಕಮ್ಮಿಯಾಗುತ್ತದೆ. ಆದರೂ ಅದು ರಟ್ಟಿನಂತೆ ಬಿರುಸು, ಕೌದಿಯ ಮೆತ್ತನೆ ಬರುವುದಿಲ್ಲ. ಧಾರವಾಡದ ಹತ್ತಿರದ ಗರಗದ ಖಾದಿಯ ಹಳೆ ತುಂಡನ್ನು ತಳಕ್ಕೆ ಹಾಕಿದ್ದು ಮಾತ್ರ ಧೋತರದಷ್ಟೇ ಛಲೋ ಬಂದಿದೆ, ತೂಕ ತುಸು ಹೆಚ್ಚು.

ರೊಕ್ಕದ ಮಾತು. ಚೀಲ, ದಾರ, ಸೂಜಿ ಎಲ್ಲ ಕೂಡಿ ಒಂದು ಕೌದಿಗೆ 400 ರೂಪಾಯಿ ದಾಟುವುದಿಲ್ಲ. ಮನೆಯಲ್ಲಿ ಹಳೆ ಸೀರೆ ಇಲ್ಲದಿದ್ದರೆ ಹಳೆ ಅರಿವಿಗೆ ಪಾತ್ರೆ ಕೊಡುವವರ ಹತ್ತಿರ ನೂರರೊಳಗೆ ಸಿಗುತ್ತದೆ. ಮಷಿನ್ ಕೆಲಸ 15 ತಾಸು, ಕೈ ಕೆಲಸ 50 ತಾಸು ಹಿಡಿಯಿರಿ. ಮೊದಮೊದಲು 2,200ಕ್ಕೆ ಕೊಟ್ಟೆ, ಈಗ 3,500ಕ್ಕೆ ಕಮ್ಮಿ ಇಲ್ಲ. ಅಷ್ಟಕ್ಕೆ ಕೊಟ್ಟರೂ ತಾಸಿಗೆ ಬೀಳುವುದು 50 ರೂಪಾಯಿಯೂ ಅಲ್ಲ. ಕೌದಿಗೆ ಚೌಕಾಶಿ ಮಾಡುವವರು ಈ ಲೆಕ್ಕ ತಿಳಿದಿರಲಿ. ಕೈಯಲ್ಲಿ ರೊಕ್ಕ ಆಡುವುದು ಕಾರ್ಡಿನಿಂದ. 5x7 ಇಂಚಿನ ಕಾರ್ಡಿಗೆ ಲಕೋಟೆ ಸೇರಿ 6 ರೂಪಾಯಿ ಖರ್ಚು, ಮಾರುವುದು 40ಕ್ಕೆ. ಇಪ್ಪತ್ತರ ಕಟ್ಟು ಒಟ್ಟಿಗೆ ಕೂಡಿಸಿದರೆ ತಾಸಿಗೆ ಐದು ಏಳುತ್ತವೆ.

ಕಾರ್ಡಿನ ಕಾಗದ ಗದಗಿನದು. ಅಲ್ಲಿ ಮುದ್ರಣಾಲಯಗಳು ಬಹಳ, ಕಟಿಂಗ್ ಮಷಿನ್ನಿನ ಬದಿಗೆ ಬೀಳುವ ಆರ್ಟ್ ಕಾರ್ಡಿನ (ನುಣುಪು ಲೇಪದ ದಪ್ಪ ಕಾಗದದ) ಪಟ್ಟಿ ತೂಕದ ಮೇಲೆ ಕೊಡುತ್ತಾರೆ. 250ರಿಂದ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದದ್ದನ್ನೇ ಆರಿಸಿ. ಕಾಗದಕ್ಕೂ ಎಳೆಯ ದಿಕ್ಕು ಇರುತ್ತದೆ. ಮೂಲೆಯಿಂದ ಹರಿದು ನೋಡಿ, ನೇರ ಹರಿದದ್ದು ಎಳೆಯ ದಿಕ್ಕು, ಅಡ್ಡಾದಿಡ್ಡಿ ಹರಿದದ್ದು ಅದಕ್ಕೆ ಅಡ್ಡ. ಮಡಿಕೆ ಎಳೆಯ ಉದ್ದಕ್ಕೇ ಬರಬೇಕು, ಅಡ್ಡ ಮಡಚಿದರೆ ಮೇಲಿನ ಲೇಪ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ಮುಗಿದ ಬಾಲ್‌ಪೆನ್ನನ್ನು ಉಕ್ಕಿನ ಪಟ್ಟಿಗೆ ಹಚ್ಚಿ ಗೆರೆ ಒತ್ತಿ, ಒತ್ತಿದ ತಗ್ಗು ಹೊರಗೆ ಬರುವಂತೆ ಮಡಚಿ.

ಖಣವನ್ನು ನೇರ ಫೆವಿಕಾಲ್‌ನಿಂದ ಅಂಟಿಸಿದರೆ ಅಂಟು ಸೋಸಿ ಮುಖಕ್ಕೆ ಬಂದು ಹೊಳೆಯುವ ಕಲೆ ನಿಲ್ಲುತ್ತದೆ. ಜಂಪರ್ ಕೊರಳಿಗೆ ಹಾಕುವ ಪೇಸ್ಟಿಂಗ್ ಕ್ಯಾನ್‌ವಾಸ್‌ನ ಚೂರು ಅದೇ ಚೀಲದಲ್ಲಿ ಇರುತ್ತದೆ. ಅದನ್ನು ಖಣದ ಹಿಂದೆ ಇಸ್ತ್ರಿಯಿಂದ ಕೂಡಿಸಿ, ಆಮೇಲೆ ಬ್ಲೇಡಿನಿಂದ ಆಕಾರ ಕೊಯ್ದರೆ ಒಂದೆಳೆಯೂ ಏಳುವುದಿಲ್ಲ. ಕ್ಯಾನ್‌ವಾಸ್ ಬದಿಗೆ ತೆಳ್ಳಗೆ ಅಂಟು ಸವರಿ ರಾತ್ರಿಯಿಡೀ ಭಾರ ಹೇರಿ. ಒಂದೇ ಕಡೆ ಅಂಟು ಬಿದ್ದ ಕಾರ್ಡು ಒಣಗುವಾಗ ಬಾಗುತ್ತದೆ. ಒಳಮುಖಕ್ಕೂ ಒಂದು ತೆಳು ಕಾಗದ ಅಂಟಿಸಿದರೆ ಎರಡೂ ಕಡೆ ಎಳೆತ ಸಮವಾಗಿ ನೆಟ್ಟಗೆ ನಿಲ್ಲುತ್ತದೆ.

ಹಳೆ ಲಗ್ನಪತ್ರಿಕೆಯ ರಟ್ಟೂ ಬರುತ್ತದೆ. ದೇವರ ಚಿತ್ರವಿದ್ದ ಭಾಗವನ್ನು ಮೊದಲೇ ತೆಗೆದು ಬೇರೆ ಇಡಿ, ಚೂರಿನ ಬುಟ್ಟಿಗೆ ಹಾಕಬೇಡಿ. ಲ್ಯಾಮಿನೇಷನ್ ಇದ್ದ ಮೈಗೆ ಅಂಟು ಹಿಡಿಯುವುದಿಲ್ಲ, ಪಾಲಿಶ್ ಪೇಪರಿನಿಂದ ಮೆಲ್ಲಗೆ ಉಜ್ಜಿದರೆ ಹಿಡಿಯುತ್ತದೆ. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಚೂರಿದ್ದರೆ ಪುಟ್ಟ ಗೋಪುರವನ್ನೋ ತುಳಸಿ ಬೃಂದಾವನವನ್ನೋ ಕಸೂತಿಯಲ್ಲಿ ತೆಗೆಯಿರಿ. ಕಸೂತಿಯ ಟಾಕಿಗಳಾದ ಗವಂತಿ, ಮುರ್ಗಿ ಎರಡಕ್ಕೂ ಗಂಟು ಇಲ್ಲವಾದ್ದರಿಂದ ಕಾರ್ಡಿನ ಮೇಲೆ ಉಬ್ಬಿಲ್ಲದೆ ಕೂಡುತ್ತವೆ. ಕಸೂತಿಯ ಕಾರ್ಡನ್ನು 120ಕ್ಕೆ ಕೊಡುತ್ತೇನೆ.

ಕಾರ್ಡು ಮಾರಲು ಕೊಟ್ಟಿದ್ದ ಒಂದು ಅಂಗಡಿಯವರು ನೂರಕ್ಕೆ ನಲವತ್ತು ಹಿಡಿದುಕೊಂಡು, ಮಾರದೆ ಉಳಿದದ್ದನ್ನು ಗಾಜಿನ ಕಪಾಟಿನ ಬಿಸಿಲಲ್ಲಿ ಬಣ್ಣ ಹಾರಿಸಿ ವಾಪಸು ಕೊಟ್ಟರು. ಆಮೇಲೆ ನೇರ ಮಾರಾಟವೇ. ಹೆಚ್ಚು ಹೋಗುವುದು ಸಂಕ್ರಾಂತಿಗೆ. ಕಾರ್ಡಿನೊಳಗೆ ಮೂರು ಇಂಚಿನ ಖಣದ ಕಿಸೆ, ಅದರಲ್ಲಿ ಒಂದು ಹಿಡಿ ಕುಸುರೆಳ್ಳು. ಕುಸುರೆಳ್ಳಿನ ಸಕ್ಕರೆ ತೇವ ಎಳೆದು ಖಣದ ಬಣ್ಣ ಬಿಡಿಸುತ್ತದೆ, ಆದ್ದರಿಂದ ಬಟರ್ ಪೇಪರಿನ ಪೊಟ್ಟಣ ಕಟ್ಟಿಯೇ ಕಿಸೆಗೆ ಇಡಬೇಕು. ಲಕೋಟೆಯನ್ನು ಕಾರ್ಡಿಗಿಂತ ಕಾಲು ಇಂಚು ದೊಡ್ಡದು ಮಾಡುವುದು ರೂಢಿ, ಕುಸುರೆಳ್ಳಿನ ಕಾರ್ಡಿಗೆ ಅರ್ಧ ಇಂಚು ಬೇಕು. ಅಂಚೆಗೆ ಹಾಕಿದರೆ ಪುಡಿಯಾಗುತ್ತದೆ, ಕೈಯಾರೆ ಕೊಡುವವರಿಗಷ್ಟೇ ಮಾರಿ. ಡಿಸೆಂಬರ್ ಮೊದಲ ವಾರಕ್ಕೆ ಕಿಸೆ ಕತ್ತರಿಸಲು ಕೂತರೆ ಹಬ್ಬಕ್ಕೆ ಇನ್ನೂರು ಕಾರ್ಡು ಆರಾಮಾಗಿ ಮುಗಿಯುತ್ತವೆ.