ಪ್ಯಾನೆಲ್ ಇಲ್ಲದೆ ಪಂಚಾಯತಿ ಗೆದ್ದದ್ದು: ಮೂರನೇ ವೋಟಿನ ಲೆಕ್ಕ

ಪ್ಯಾನೆಲ್ (ಒಟ್ಟಾಗಿ ನಿಲ್ಲುವ ಅಭ್ಯರ್ಥಿಗಳ ಗುಂಪು) ಬಿಟ್ಟು ಗ್ರಾಮ ಪಂಚಾಯತಿಗೆ ನಿಂತವನು ಗೆಲ್ಲುವುದಿಲ್ಲ ಅಂತ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಚಹಾದಂಗಡಿಗಳಲ್ಲಿ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. 2015ರಲ್ಲಿ ನಾನೇ ಸೋತವನು. 2020ರ ಡಿಸೆಂಬರ್‌ನಲ್ಲಿ ಅದೇ ವಾರ್ಡಿನಲ್ಲಿ ಗೆದ್ದೆ. ಖರ್ಚು ಮೊದಲಿನದರ ಕಾಲು ಭಾಗ. ಮುಂದಿನ ಚುನಾವಣೆಗೆ ಓಣಿಗೊಬ್ಬ ತಯಾರಾಗಿ ನಿಂತಿರುವುದರಿಂದ ಎಲ್ಲರೂ ಬಂದು ಹೇಗೆ ಗೆದ್ದೆ ಅಂತ ಕೇಳುತ್ತಾರೆ, ಹಾಗಾಗಿ ಒಮ್ಮೆ ಬರೆದುಬಿಡುತ್ತೇನೆ.

ಕಾಗದದ ಮೇಲೆ ಗ್ರಾಮ ಪಂಚಾಯತಿಗೆ ನಿಲ್ಲುವವರೆಲ್ಲ ಪಕ್ಷೇತರರೇ, ಪಕ್ಷದ ಚಿಹ್ನೆ ಯಾರಿಗೂ ಇಲ್ಲ. ಪ್ಯಾನೆಲ್ ಯಾರದು, ಅದರ ಹಿಂದೆ ಯಾವ ಪಕ್ಷ ಅನ್ನುವುದು ಮಾತ್ರ ಊರ ಕೂಸಿಗೂ ಗೊತ್ತು. ನಮ್ಮದು ಮೂರು ಸ್ಥಾನದ ವಾರ್ಡು, ಎಂಟುನೂರಾ ಐವತ್ತರ ಆಚೀಚೆ ಮತದಾರರು. ಊರಿನ ಎರಡು ಓಣಿ, ಜೊತೆಗೆ ಒಂದು ಲಂಬಾಣಿ ತಾಂಡಾ. ಎರಡು ಸ್ಥಾನ ಮೀಸಲು, ಒಂದು ಸಾಮಾನ್ಯ.

2015ರಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬಣ್ಣದ ಹ್ಯಾಂಡ್‌ಬಿಲ್ ಹೊಡೆಸಿದೆ, ಹುಡುಗರಿಗೆ ಪೆಟ್ರೋಲ್ ಹಾಕಿಸಿದೆ, ಹೊಲದಲ್ಲಿ ಊಟ ಹಾಕಿಸಿದೆ. ತೊಂಬತ್ತು ಸಾವಿರದ ಹತ್ತಿರ ಹೋಯಿತು, ಅದರಲ್ಲಿ ಅರ್ಧ ಸಾಲ. ಊಟಕ್ಕೆ ಬಂದವರಲ್ಲಿ ಮುಕ್ಕಾಲು ಪಾಲು ನಮ್ಮ ವಾರ್ಡಿನವರೇ ಅಲ್ಲ. ಮನೆಮನೆಗೆ ಹೋಗಿ "ನಿಮ್ಮ ವೋಟು ನನಗs" ಅಂದೆ. ಎಲ್ಲರೂ ಹೂಂ ಅಂದರು. ಎಣಿಕೆಯಲ್ಲಿ ನಲವತ್ತು ಚಿಲ್ಲರೆ ವೋಟಿಗೆ ಬಿದ್ದೆ.

ಸೋತ ಮೇಲೆ ವೋಟರ್ ಲಿಸ್ಟ್ ಹಿಡಿದು ಮನೆಮನೆಯ ಲೆಕ್ಕ ಹಾಕಿದೆ. ಮೂರು ಸ್ಥಾನ ಇದ್ದರೆ ಒಬ್ಬ ಮತದಾರನಿಗೆ ಮೂರು ವೋಟು, ಒಬ್ಬ ಅಭ್ಯರ್ಥಿಗೆ ಒಂದೇ ಒತ್ತಬಹುದು. ಇದು ಎಲ್ಲರಿಗೂ ಗೊತ್ತು. ಆದರೆ ಆ ಮೂರು ವೋಟು ಮೂರು ಬೇರೆ ದಾರಿಯಲ್ಲಿ ಹೋಗುತ್ತವೆ ಅನ್ನುವುದನ್ನು ಯಾರೂ ಕೂತು ನೋಡಿಲ್ಲ. ಮೊದಲನೆಯದು ಬಳಗಕ್ಕೆ, ಜಾತಿಗೆ. ಅದನ್ನು ದೇವರು ಬಂದರೂ ಕಿತ್ತುಕೊಳ್ಳಲಾಗದು. ಎರಡನೆಯದು ಹಂಗಿಗೆ: ಸೊಸೈಟಿ ಸಾಲ ಕೊಡಿಸಿದವನು, ಆಸ್ಪತ್ರೆಗೆ ಗಾಡಿ ಕಳಿಸಿದವನು. ಮೂರನೆಯದಕ್ಕೆ ವಾರಸುದಾರ ಇಲ್ಲ. ಪ್ಯಾನೆಲ್‌ನವರು "ಮೂರೂ ನಮಗs ಒತ್ತ್ರಿ" ಅಂತಾರೆ, ಜನ ತಲೆ ಆಡಿಸಿ ಒಳಗೆ ಹೋಗಿ ಮೂರನೆಯದನ್ನು ಮನಸಿಗೆ ಬಂದವರಿಗೆ ಹಾಕಿ ಬರುತ್ತಾರೆ.

ಹಾಗಾಗಿ 2020ರಲ್ಲಿ ನಾನು ಕೇಳಿದ್ದು ಮೂರನೇ ವೋಟು. "ಕಾಕಾ, ನಿಮ್ಮ ಅಳಿಯಗ ಒಂದ ಹಾಕ್ರಿ, ಗೌಡ್ರ ಮಂದಿಗಿ ಒಂದ ಹಾಕ್ರಿ. ಉಳದದ್ದ ಒಂದ ನನಗ ಕೊಡ್ರಿ." ನನ್ನ ಸ್ವಂತ ಮಾವನೇ ನಕ್ಕ. "ಉಳದದ್ದ ಕೇಳಾಂವ ಭಿಕ್ಷಾ ಬೇಡಾಂವ ಅದಾನ ನೋಡ" ಅಂತ ಕಟ್ಟೆಯ ಮೇಲೆ ಹೇಳಿಕೊಂಡು ತಿರುಗಿದ. ಆದರೆ ಯಾರ ಮನೆಯಲ್ಲೂ ನನಗೆ ಜಗಳ ಆಗಲಿಲ್ಲ. ಪ್ಯಾನೆಲ್‌ನವರ ಅಂಗಳದಲ್ಲೇ ಕೂತು ಚಹಾ ಕುಡಿದು ವೋಟು ಕೇಳಿ ಬಂದಿದ್ದೇನೆ.

ನಾಮಪತ್ರ ಹಿಂದಕ್ಕೆ ತೆಗೆಯಲು ಒತ್ತಡ ಬಂತು. ಗುಡಿಯ ಕಟ್ಟೆಗೆ ಹಿರಿಯರು ಕರೆಸಿದರು: ಅವಿರೋಧ ಮಾಡೋಣ, ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಸ್ಥಾನ, ರೊಕ್ಕ ಗುಡಿಯ ಶಿಖರಕ್ಕೆ. ಇಂಥ ಹರಾಜು ಆ ವರ್ಷ ಬೇರೆ ಊರುಗಳಲ್ಲೂ ನಡೆದು ಪೇಪರಿನಲ್ಲಿ ಬಂದಿತ್ತು, ಚುನಾವಣಾ ಆಯೋಗ ಕೇಸು ಹಾಕುತ್ತೇವೆ ಅಂದಿತ್ತು. ಎರಡು ಲಕ್ಷದ ಮಾತು ನಡೆಯುತ್ತಿತ್ತು. "ನನ್ನ ಹಂತ್ಯಾಕ ಠೇವಣಿ ರೊಕ್ಕ ಅಷ್ಟ ಅದ ಯಪ್ಪಾ" ಅಂದು ಎದ್ದು ಬಂದೆ. ಸಾಮಾನ್ಯ ವರ್ಗದ ಠೇವಣಿ ಆಗ ಇನ್ನೂರು ರೂಪಾಯಿ.

ಚಿಹ್ನೆಗೆ ಆಟೋ ರಿಕ್ಷಾ ಕೇಳಿದ್ದೆ, ಅದು ಬೇರೆಯವರ ಪಾಲಾಗಿ ನನಗೆ ಹೊಲಿಗೆ ಯಂತ್ರ ಬಂತು. ಒಳ್ಳೆಯದೇ ಆಯಿತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಅದನ್ನು ತೋರಿಸಿ ಹೇಳುವುದೇ ಬೇಕಿರಲಿಲ್ಲ, ನನ್ನ ಹೆಸರು ಬಿಟ್ಟು "ಮಶೀನ್ ಅಣ್ಣಾ" ಅನ್ನತೊಡಗಿದರು. ಹ್ಯಾಂಡ್‌ಬಿಲ್ ಒಂದೇ ಬಣ್ಣ, ಅಂಗೈಯಷ್ಟು ಅಗಲ, ಹಿಂದೆ ಬಸ್ಸಿನ ಟೈಮು. ಯಾರೂ ಎಸೆಯಲಿಲ್ಲ.

ನಮ್ಮ ಕಡೆ ಡಿಸೆಂಬರ್ ಅಂದರೆ ತಾಂಡಾ ಖಾಲಿ. ದೀಪಾವಳಿಯ ಹೊತ್ತಿಗೆ ಮುಂಗಡ ತಗೊಂಡು ಗ್ಯಾಂಗುಗಳು ಸಾಂಗಲಿ, ಕೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗಿರುತ್ತವೆ. ತಾಂಡಾದ ವೋಟು ನೂರರ ಮೇಲೆ. ಮೊದಲು ವಾಟ್ಸಾಪ್‌ನಲ್ಲಿ ದನಿ ಕಳಿಸಿ ನೋಡಿದೆ. ಕೇಳಿದವರು ಕಡಿಮೆ, ಕೇಳಿದವರು ತಿರುಗಿ ಉತ್ತರ ಕೊಡಲೇ ಇಲ್ಲ. ಇಡೀ ದಿನ ಕಬ್ಬಿನಲ್ಲಿ ಇರುವವರಿಗೆ ಫೋನ್ ಚಾರ್ಜ್ ಮಾಡುವುದೇ ಒಂದು ಕೆಲಸ. ಮೊಮ್ಮಗನ ಕೈಯಿಂದ ಅಜ್ಜಿಗೆ ಫೋನ್ ಮಾಡಿಸಿ ನೋಡಿದೆ, ಅದು ಸ್ವಲ್ಪ ನಡೆಯಿತು. ಕೊನೆಗೆ ನಾನೇ ಬಸ್ಸು ಹತ್ತಿ ಹೋದೆ. ಅವರ ಗುಡಿಸಲ ಮುಂದೆ ರಾತ್ರಿ ಕೂತು ರೊಟ್ಟಿ ಉಂಡು, ತಾಂಡಾದ ಮುಖ್ಯಸ್ಥನಾದ ನಾಯಕನ ಎದುರಿಗೇ ಕೇಳಿದೆ. ನಾಯಕನ ನಂತರದ ಹಿರಿಯ ಕಾರಭಾರಿಗೆ ಏನು ಹೇಳಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲಕ್ಕೂ ಬೇಕು.

ಅವರನ್ನು ಊರಿಗೆ ಕರೆತರುವುದಕ್ಕೆ ನಾನು ಒಂದು ಪೈಸೆ ಹಾಕಲಿಲ್ಲ. ಮತದಾರರನ್ನು ಪುಕ್ಕಟೆ ಗಾಡಿಯಲ್ಲಿ ತರುವುದು ಕಾನೂನಿಗೆ ವಿರುದ್ಧ, ಅದಕ್ಕಿಂತ ಮೊದಲು ಅಷ್ಟು ರೊಕ್ಕವೇ ಇರಲಿಲ್ಲ. ಎರಡೂ ಪ್ಯಾನೆಲ್‌ನವರು ಪೈಪೋಟಿಗೆ ಬಿದ್ದು ಕ್ರೂಸರ್ ಗಾಡಿ ಕಳಿಸಿದರು. ಅವರ ಡೀಸೆಲ್‌ನಲ್ಲಿ ನನ್ನ ಮೂರನೇ ವೋಟು ಊರಿಗೆ ಬಂದು ಇಳಿಯಿತು.

ಪ್ಯಾನೆಲ್ ಒಳಗಿನ ತೂತು ಇನ್ನೊಂದು. ಸಾಮಾನ್ಯ ಸ್ಥಾನಕ್ಕೆ ನಿಂತವನು, ಮೀಸಲು ಸ್ಥಾನಕ್ಕೆ ನಿಂತವಳು ಬೆಳಗ್ಗೆ ಒಟ್ಟಿಗೇ ತಿರುಗುತ್ತಾರೆ. ಸಂಜೆ ಒಬ್ಬೊಬ್ಬರೇ ಬಂದು "ಉಳಿದದ್ದ ಯಾರಿಗರೆ ಹಾಕ್ರಿ, ನನಗೊಂದ ತಪ್ಪಸಬ್ಯಾಡ್ರಿ" ಅಂತಾರೆ. ಯಾವ ಪ್ಯಾನೆಲ್‌ನಲ್ಲಿ ಈ ತೂತು ದೊಡ್ಡದು ಅಂತ ಮೊದಲೇ ಪತ್ತೆ ಹಚ್ಚಿದರೆ ಅರ್ಧ ಕೆಲಸ ಆದಂತೆ. ಪತ್ತೆ ಹಚ್ಚುವ ರೀತಿಯೂ ಇದೆ, ಅದು ನನ್ನ ಹತ್ತಿರವೇ ಇರಲಿ.

ಸಿಕ್ಕಾ, ಅಂದರೆ ಮತಪತ್ರದ ಮೇಲಿನ ಮುದ್ರೆ, ಒತ್ತುವುದನ್ನು ಕಲಿಸಿದ್ದು ಬಹಳ ಉಪಯೋಗಕ್ಕೆ ಬಂತು. ಆ ಸಲ ಬೀದರ್ ಜಿಲ್ಲೆಯಲ್ಲಿ ವೋಟಿನ ಮಷೀನು ಇತ್ತು, ನಮ್ಮಲ್ಲಿ ಮತಪತ್ರ. ಮೂರರ ಜಾಗದಲ್ಲಿ ನಾಲ್ಕು ಒತ್ತಿದರೆ ಚೀಟಿ ತಿರಸ್ಕೃತ. ಪ್ಯಾನೆಲ್‌ನವರಿಗೆ ಮೂರೂ ಒತ್ತಿ, ಪ್ರೀತಿಗೆ ನನಗೂ ಒಂದು ಒತ್ತುವ ಮುದುಕರು ಇದ್ದೇ ಇರುತ್ತಾರೆ. ಬಟಾಟಿ ಕೊಯ್ದು ಅದರ ಮೇಲೆ ಗುರುತು ಕೆತ್ತಿ, ಹಳೆಯ ಕ್ಯಾಲೆಂಡರಿನ ಹಿಂದೆ ಒತ್ತಿಸಿ ಒತ್ತಿಸಿ ತೋರಿಸಿದೆ. ಮಕ್ಕಳಿಗೆ ಅದೇ ಆಟ ಆಯಿತು, ಮನೆಯಲ್ಲಿ ಅವರೇ ಹಿರಿಯರಿಗೆ ಕಲಿಸಿದರು.

ಎಣಿಕೆ ಡಿಸೆಂಬರ್ 30ಕ್ಕೆ, ಇಂಡಿಯಲ್ಲಿ. ಏಜೆಂಟನಾಗಿ ಕೂರಿಸಿದ್ದು ಅಂಗಡಿ ಲೆಕ್ಕ ಬರೆಯುವ ಹುಡುಗನನ್ನು, ಗಟ್ಟಿ ದನಿಯವನನ್ನು ಅಲ್ಲ. ಕೆಲವು ಚೀಟಿಗಳನ್ನು ಮಡಿಸಿದಾಗ ಮಸಿ ಎದುರು ಬದಿಗೂ ಹತ್ತಿತ್ತು, ಎದುರಾಳಿ ಏಜೆಂಟರು "ನಾಕ ಒತ್ಯಾರ, ತೆಗೀರಿ" ಅಂದರು. ಸಿಕ್ಕಾದಲ್ಲಿ ಬಾಣದ ಗುರುತು ಮಾಡಿರುವುದೇ ಇದಕ್ಕಾಗಿ: ಮಡಿಕೆಯಿಂದ ಹತ್ತಿದ ಅಚ್ಚು ತಿರುವುಮುರುವು ಇರುತ್ತದೆ, ಅಸಲಿ ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಹುಡುಗ ಬಟಾಟಿ ಒತ್ತಿ ಒತ್ತಿ ಇದನ್ನು ಕಲಿತಿದ್ದ. ಹತ್ತು ಹನ್ನೆರಡು ಚೀಟಿ ಉಳಿಸಿದ. ಮೀಸಲು ಸ್ಥಾನ ಮೊದಲು ತುಂಬಿ ಸಾಮಾನ್ಯ ಸ್ಥಾನ ಕೊನೆಗೆ ಬಂತು. ನನಗೆ ಇನ್ನೂರಾ ಅರವತ್ತರ ಮೇಲೆ, ಹಿಂದಿನವನಿಗೂ ನನಗೂ ಇಪ್ಪತ್ತರೊಳಗಿನ ಅಂತರ. ಆ ಚೀಟಿಗಳ ಬೆಲೆ ಇದರಿಂದ ತಿಳಿಯಬಹುದು.

ಮಾವ ಆ ಸಂಜೆ ಗುಲಾಲು ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬಂದ.

ಮುಂದೆ 2021ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಚುನಾವಣೆಗೆ ನಾವು ಪಂಚಾಯತಿ ಸದಸ್ಯರೂ ಮತದಾರರು. ವಿಜಯಪುರ-ಬಾಗಲಕೋಟೆ ಎರಡು ಸ್ಥಾನದ ಕ್ಷೇತ್ರ. ಅಲ್ಲಿ ಸಿಕ್ಕಾ ಇಲ್ಲ, 1, 2 ಅಂತ ಅಂಕಿ ಬರೆಯಬೇಕು. ಊರಲ್ಲಿ ನನ್ನನ್ನು ಮಾತಾಡಿಸದಿದ್ದವರೆಲ್ಲ ಬಂದು "ಒಂದ ನಮಗ ಕೊಡ್ರಿ ಅಣ್ಣಾರ" ಅಂದರು. ಎರಡು ಯಾರಿಗೆ ಅಂತ ಯಾರೂ ಕೇಳಲಿಲ್ಲ.

2020ರ ಖರ್ಚು ಇಪ್ಪತ್ತೆರಡು ಇಪ್ಪತ್ಮೂರು ಸಾವಿರ: ಹ್ಯಾಂಡ್‌ಬಿಲ್ ಎರಡು ಸಾವಿರ, ಬಸ್ಸು ಮತ್ತು ಪೆಟ್ರೋಲ್ ಆರೇಳು, ಏಜೆಂಟರ ಊಟ, ಉಳಿದದ್ದೆಲ್ಲ ಚಹಾ ಚೂಡಾ. ಸದಸ್ಯರ ಗೌರವಧನ ಆಗ ತಿಂಗಳಿಗೆ ಸಾವಿರ. ತಡ ಮಾಡಿ ಬಂದರೂ ಬಂತು, ಎರಡು ವರ್ಷದಲ್ಲಿ ಈ ಖರ್ಚು ಸರಿಹೋಯಿತು. 2015ರ ಸಾಲವನ್ನು ಮಾತ್ರ ಲಿಂಬಿ ಮಾರಿಯೇ ತೀರಿಸಿದೆ.