ಹಂಚಿನ ಮನೆ ಬರೆಯುವಾಗ ಹಂಚು ಬಿಟ್ಟುಬಿಡಿ
ತೀರ್ಥಹಳ್ಳಿ, ಸಾಗರದ ಕಡೆಯ ಹಂಚಿನ ಮನೆಗಳ ಚಿತ್ರ ಬರೆಯುವವರು ಹಂಚನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ. ಕಣ್ಣು ಅರ್ಧ ಮುಚ್ಚಿ ನೋಡಿ. ಮಾಡು (ಹಂಚಿನ ಚಾವಣಿ) ಒಂದು ಓರೆ ಚೌಕ, ಗೋಡೆ ಒಂದು ಆಯತ, ಹಿಂದಿನ ಗುಡ್ಡ ತ್ರಿಕೋನ, ಅಡಿಕೆ ತೋಟ ಒಂದೇ ಕಡುಹಸಿರು ಪಟ್ಟಿ. ಒಂದು ಆಕಾರಕ್ಕೆ ಒಂದೇ ಬಣ್ಣ. ಬಿಸಿಲು ಬಿದ್ದ ಮಾಡಿಗೆ ಕಿತ್ತಳೆ ಬೆರೆಸಿದ ಕೆಂಪು, ನೆರಳಿನ ಕಡೆಗೆ ಅದೇ ಕೆಂಪಿಗೆ ಸ್ವಲ್ಪ ನೀಲಿ. ಕಪ್ಪು ಮಾತ್ರ ಬೇಡ, ನೆರಳು ಮಸಿ ಬಳಿದ ಹಾಗೆ ಕಾಣುತ್ತದೆ. ಮನೆಗೆ ಗಾತ್ರ ಬರುವುದು ಹಂಚಿನ ಗೆರೆಗಳಿಂದಲ್ಲ, ಬೆಳಕು ನೆರಳಿನ ವ್ಯತ್ಯಾಸದಿಂದ. ಜೊತೆಗೆ ಕೆಂಪು, ಹಸಿರು ಎದುರು ಬಣ್ಣಗಳು, ಅಂದರೆ ಬಣ್ಣದ ಚಕ್ರದಲ್ಲಿ ಎದುರುಬದುರು ಇರುವವು. ಪಕ್ಕಪಕ್ಕ ಇದ್ದರೆ ಎರಡೂ ಎದ್ದು ಕಾಣುತ್ತವೆ. ಟ್ಯೂಬಿನ ಹಸಿರನ್ನು ಹಾಗೇ ಹಚ್ಚಿದರೆ ಕಣ್ಣಿಗೆ ಹೊಡೆಯುತ್ತದೆ. ಮಾಡಿನ ಕೆಂಪನ್ನೇ ಚೂರು ಸೇರಿಸಿ, ಹಸಿರಿನ ಅಬ್ಬರ ತಗ್ಗುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೀಗೆ ವಿವರ ಬಿಟ್ಟು ಬರೆಯುವುದು ಅಷ್ಟಾಗಿ ಒಗ್ಗುವುದಿಲ್ಲ. ಕೆತ್ತನೆ ಪೂರ್ತಿ ಬಿಟ್ಟರೆ ಉಳಿಯುವುದು ಸುಮ್ನೆ ಕಲ್ಲಿನ ಡಬ್ಬಿ, ಅಲ್ವಾ? ಆಗುಂಬೆಯ ಮಳೆಗಾಲದಲ್ಲೂ ಕಷ್ಟ. ಬಿಸಿಲೇ ಇಲ್ಲದ ಮೇಲೆ ಮಾಡಿನ ಎರಡೂ ಕಡೆ ಒಂದೇ ಬಣ್ಣ. ಆಗ ಹಿಂದಿನ ಗುಡ್ಡವನ್ನು ತೆಳು ಬೂದು ನೀಲಿ ಮಾಡಿ, ಮನೆಯನ್ನು ಮುಂದಕ್ಕೆ ತರಬೇಕು.